ಎರಡೆರಡೇ ಇಳಿದ ಅಂಕಿ: ಕಲಬುರಗಿಯ ಒಂದು ಡಯಾಲಿಸಿಸ್ ಯೂನಿಟ್‌ನ ಪ್ರಕರಣ

ರಿಜಿಸ್ಟರ್‌ನ ಆ ಪುಟದಲ್ಲಿ ಇದ್ದದ್ದು ಇಷ್ಟೇ: 110, 108, 106, 104, 102, 100. ಪುಟ ತಿರುವಿದರೆ ಇನ್ನೊಬ್ಬ ರೋಗಿ. ಅಲ್ಲೂ 110, 108, 106. ಮೂರನೇ ಪುಟದಲ್ಲೂ ಅದೇ ಏಣಿ. ಕೈಬರಹ ಬೇರೆ, ಪೆನ್ನಿನ ಬಣ್ಣ ಬೇರೆ, ಇಳಿಯುವ ಲೆಕ್ಕ ಮಾತ್ರ ಎಲ್ಲ ಕಡೆ ಎರಡೆರಡು.

ಅಳತೆ ಮಾಡಿ ಬರೆದ ಅಂಕಿ ಇಷ್ಟು ಚೆಂದ ಇರುವುದಿಲ್ಲ. ಮನೆಗೆ ಬರುವ ಹಾಲನ್ನು ದಿನಾ ಅಳೆದು ಬರೆದಿಡಿ, ಒಂದು ದಿನ ಹೆಚ್ಚು, ಒಂದು ದಿನ ಕಮ್ಮಿ ಬಂದೇ ಬರುತ್ತದೆ. ಈ ಪುಟಗಳ ಫೋಟೊ ನೋಡಿದಾಗ ನನಗೆ ಅನುಮಾನ ಬಂದದ್ದು ತಪ್ಪು ಕಂಡು ಅಲ್ಲ, ತಪ್ಪೇ ಇಲ್ಲದ್ದು ಕಂಡು.

ನಾನು ಈ ಭಾಗದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಆಸ್ಪತ್ರೆ ಸಿಬ್ಬಂದಿಗೆ ತರಬೇತಿ ಕೊಡಲು ಕರೆದರೆ ಹೋಗುತ್ತೇನೆ. ಅಲ್ಲಿ ಚರ್ಚೆಗೆ ಇಡುವ ಪ್ರಕರಣ ಇದು. ಒಂದಕ್ಕಿಂತ ಹೆಚ್ಚು ಕಡೆ ಕಂಡದ್ದನ್ನು ಕೂಡಿಸಿ ಒಂದು ಆಸ್ಪತ್ರೆಯ ಕಥೆ ಮಾಡಿದ್ದೇನೆ. ಯಾರ ಹೆಸರೂ ಹಾಕಿಲ್ಲ, ಗುರುತು ಸಿಗುವ ವಿವರ ಬದಲಿಸಿದ್ದೇನೆ. ಕಲಬುರಗಿ ನಗರದ ಒಂದು ಖಾಸಗಿ ಆಸ್ಪತ್ರೆ, ಆರು ಡಯಾಲಿಸಿಸ್ ಮಷೀನು ಎಂದಷ್ಟು ತಿಳಿದರೆ ಸಾಕು.

ಯಾವುದರ ಅಳತೆ ಅದು?

ಡಯಾಲಿಸಿಸ್ ಗೊತ್ತಿಲ್ಲದವರಿಗೆ ಎರಡು ಮಾತು. ಕಿಡ್ನಿ ಕೆಲಸ ಮಾಡದವರ ರಕ್ತವನ್ನು ಹೊರಗೆ ತಂದು, ಶುದ್ಧ ಮಾಡಿ, ಒಳಗೆ ಕಳಿಸಬೇಕು. ಶುದ್ಧ ಮಾಡುವ ಭಾಗಕ್ಕೆ ಡಯಲೈಸರ್ ಅನ್ನುತ್ತಾರೆ. ಕೈಯಲ್ಲಿ ಹಿಡಿಯುವಷ್ಟು ದಪ್ಪದ ಪ್ಲಾಸ್ಟಿಕ್ ಕೊಳವೆ. ಅದರೊಳಗೆ ಕೂದಲೆಳೆಯಂಥ ಸಾವಿರಾರು ಟೊಳ್ಳು ಎಳೆಗಳು. ರಕ್ತ ಆ ಎಳೆಗಳ ಒಳಗೆ ಹರಿಯುತ್ತದೆ, ಹೊರಗೆ ಬೇರೆ ದ್ರಾವಣ ಹರಿಯುತ್ತದೆ, ಕೊಳೆ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ.

ಸುಮಾರು ನಾಲ್ಕು ತಾಸಿನ ಕೆಲಸ. ವಾರಕ್ಕೆ ಎರಡು ಸಲ, ಮೂರು ಸಲ. ಪ್ರತಿ ಸಲ ಹೊಸ ಡಯಲೈಸರ್ ಹಾಕಿದರೆ ಖರ್ಚು ಜಾಸ್ತಿ. ಅದಕ್ಕೇ ನಮ್ಮಲ್ಲಿ ಬಹಳ ಕಡೆ ಒಬ್ಬ ರೋಗಿಯ ಡಯಲೈಸರನ್ನು ತೊಳೆದು, ರಾಸಾಯನಿಕ ತುಂಬಿಟ್ಟು, ಮತ್ತೆ ಅದೇ ರೋಗಿಗೆ ಹಾಕುತ್ತಾರೆ. ಇದು ಕಳ್ಳತನ ಅಲ್ಲ. ಸರಿಯಾಗಿ ಮಾಡಿದರೆ ಒಪ್ಪಿತವಾದ ಪದ್ಧತಿಯೇ. ಆದರೆ 'ಸರಿಯಾಗಿ' ಅನ್ನುವುದಕ್ಕೆ ಒಂದು ಅಳತೆ ಇದೆ. ಪ್ರತಿ ಸಲ ಕೆಲವು ಎಳೆಗಳಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುತ್ತದೆ. ಎಷ್ಟು ಎಳೆ ಉಳಿದಿವೆ ಎಂದು ತಿಳಿಯಲು ಡಯಲೈಸರ್ ತುಂಬ ನೀರು ತುಂಬಿ, ಗಾಳಿ ಬಿಟ್ಟು ಆ ನೀರನ್ನು ಅಳತೆಯ ಸಿಲಿಂಡರ್‌ಗೆ ಇಳಿಸಿ ನೋಡಬೇಕು. ಹೊಸದರಲ್ಲಿ 110 ಮಿಲಿಲೀಟರ್ ಹಿಡಿದಿದ್ದರೆ, ಅದರ ಶೇಕಡಾ 80, ಅಂದರೆ 88ಕ್ಕಿಂತ ಕೆಳಗೆ ಬಂದ ದಿನ ಎಸೆಯಬೇಕು.

ಆ ರಿಜಿಸ್ಟರ್‌ನಲ್ಲಿದ್ದದ್ದು ಈ ಮಿಲಿಲೀಟರ್. ಪ್ರತಿಯೊಂದೂ ಎರಡೆರಡು ಇಳಿದು, 88ಕ್ಕೆ ಬಂದು ನಿಂತು, ಮುಂದಿನ ಸಲ ಮತ್ತೆ 110.

ಅಣ್ಣ

ಯೂನಿಟ್‌ನ ಇನ್‌ಚಾರ್ಜ್ ಟೆಕ್ನೀಷಿಯನ್‌ಗೆ ಹತ್ತು ವರ್ಷದ ಅನುಭವ. ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದರು, ಡಾಕ್ಟರೂ ಸಹ. ರೋಗಿಯ ಕೈ ಹಿಡಿದರೆ ನೋವಾಗದಂತೆ ಸೂಜಿ ಹಾಕುವ ಕೈ. ಈ ಪ್ರಕರಣವನ್ನು ಹೊರಗೆ ತಂದ ಹುಡುಗಿ ಟೆಕ್ನೀಷಿಯನ್ ಕೋರ್ಸ್ ಮುಗಿಸಿ ಬಂದಾಗ ಕೆಲಸ ಕೊಡಿಸಿದ್ದೂ ಅವರೇ. ಇಬ್ಬರದೂ ಒಂದೇ ತಾಲ್ಲೂಕು. ರಾತ್ರಿ ಶಿಫ್ಟ್ ಇದ್ದರೆ ಅಣ್ಣನ ಮನೆಯಿಂದ ಎರಡು ಡಬ್ಬಿ ಬರುತ್ತಿತ್ತು. ಒಂದು ಅವರಿಗೆ, ಒಂದು ಈಕೆಗೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ ಇದೆ. ತರಬೇತಿಗೆ ಬರುವವರು ಕಥೆ ಶುರುವಾದ ಕೂಡಲೇ ಖಳನಾಯಕನನ್ನು ಹುಡುಕುತ್ತಾರೆ. ಇಲ್ಲಿ ಸಿಗುವುದಿಲ್ಲ.

ಮೊದಲು ದಿನಕ್ಕೆ ಎರಡು ಶಿಫ್ಟ್ ಇತ್ತು. ಮೂವರು ಟೆಕ್ನೀಷಿಯನ್‌ಗಳು. ಅಫಜಲಪುರ, ಚಿತ್ತಾಪುರ, ಜೇವರ್ಗಿ ಕಡೆಯಿಂದ ರೋಗಿಗಳು ಹೆಚ್ಚಾದರು, ಮೂರನೇ ಶಿಫ್ಟ್ ಶುರುವಾಯಿತು. ಅದೇ ಹೊತ್ತಿಗೆ ಒಬ್ಬ ಟೆಕ್ನೀಷಿಯನ್ ಹೈದರಾಬಾದಿಗೆ ಹೋದ, ಇನ್ನೊಬ್ಬನಿಗೆ ಸರ್ಕಾರಿ ಕೆಲಸ ಸಿಕ್ಕಿತು. ಅವರ ಜಾಗಕ್ಕೆ ಬಂದವಳು ಈಕೆ ಒಬ್ಬಳೇ. ಒಂದು ಡಯಲೈಸರ್ ತೊಳೆದು, ಅಳೆದು, ಸೋರಿಕೆ ನೋಡಿ, ರಾಸಾಯನಿಕ ತುಂಬಲು ಅರ್ಧ ತಾಸಾದರೂ ಬೇಕು. ದಿನಕ್ಕೆ ಹದಿನೆಂಟು ಡಯಲೈಸರ್. ಲೆಕ್ಕ ನೀವೇ ಹಾಕಿ.

ಹೀಗಾಗಿ ತೊಳೆಯುವುದು ಉಳಿಯಿತು, ಅಳೆಯುವುದು ಹೋಯಿತು. ರಿಜಿಸ್ಟರ್ ತುಂಬುವುದು ಮಾತ್ರ ಹೋಗಲಿಲ್ಲ. ಖಾಲಿ ಬಿಟ್ಟರೆ ಯಾರಾದರೂ ಕೇಳುತ್ತಾರೆ, ತುಂಬಿದ್ದರೆ ಯಾರೂ ಕೇಳುವುದಿಲ್ಲ ಅಲ್ವಾ?

ಈಕೆಯೂ ತುಂಬಿದಳು. ಮೊದಲ ತಿಂಗಳಲ್ಲೇ. 'ಹಿಂದಿನದು ನೋಡು, ಎರಡು ಕಮ್ಮಿ ಮಾಡಿ ಬರಿ' ಎಂದು ಹೇಳಿಕೊಟ್ಟಿದ್ದರು. ಕಾಲೇಜಿನಲ್ಲಿ ಕಲಿತದ್ದು ಬೇರೆ ಎಂದು ಗೊತ್ತಿತ್ತು. ಆದರೆ ಸೂಜಿ ಹಾಕುವುದನ್ನು ಕಲಿಸಿದವರ ಮಾತು ಪುಸ್ತಕಕ್ಕಿಂತ ದೊಡ್ಡದು ಅನಿಸುತ್ತದೆ. ಅದು ಅಂಜಿಕೆ ಅಲ್ಲ, ನಂಬಿಕೆ. ಈ ಪ್ರಕರಣದಲ್ಲಿ ಸುಳ್ಳು ಹರಡಿದ್ದೇ ನಂಬಿಕೆಯ ದಾರಿಯಲ್ಲಿ.

ಜಾತ್ರೆಯ ವಾರ

ಶರಣಬಸವೇಶ್ವರ ಜಾತ್ರೆಗೆ ಅಣ್ಣ ನಾಲ್ಕು ದಿನ ರಜೆ ಹಾಕಿದರು. ಯೂನಿಟ್ ಈಕೆಯ ಕೈಗೆ ಬಂತು. ಒಂದು ಸಂಜೆ, ಯಾಕೋ ಗೊತ್ತಿಲ್ಲ, ಒಂದು ಡಯಲೈಸರನ್ನು ನಿಜವಾಗಿ ಅಳೆದು ನೋಡೋಣ ಅನಿಸಿತಂತೆ. 'ಸುಮ್ನೆ' ಎಂದಳು ನನಗೆ. ತೊಳೆದ ಮೇಲೂ ಆ ಡಯಲೈಸರ್ ಒಳಗೆ ಕಪ್ಪುಗೆಂಪು ಗೆರೆಗಳು ಹಾಗೇ ಉಳಿದಿದ್ದವು. ರಿಜಿಸ್ಟರ್ ಅದಕ್ಕೆ 98 ಅನ್ನುತ್ತಿತ್ತು.

ಸಿಲಿಂಡರ್ ಹುಡುಕಿದಳು. ತೊಳೆಯುವ ಕೋಣೆಯಲ್ಲಿ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಟೇಬಲ್ ಮೇಲೆ, ರಿಜಿಸ್ಟರ್ ಪಕ್ಕದಲ್ಲಿ. ಅದರಲ್ಲಿ ಪೆನ್ನುಗಳನ್ನು ಇಟ್ಟಿದ್ದರು. ಮೂರು ನೀಲಿ, ಒಂದು ಕೆಂಪು, ಒಂದು ಮಾರ್ಕರ್. ಎಂಟು ತಿಂಗಳಿಂದ ಈಕೆಯೂ ಅದರಿಂದಲೇ ಪೆನ್ನು ತೆಗೆದು ಅಂಕಿ ಬರೆಯುತ್ತಿದ್ದಳು. ಅದು ಅಳತೆಯ ಸಿಲಿಂಡರ್ ಎಂದು ಕಣ್ಣಿಗೆ ಬಿದ್ದಿರಲೇ ಇಲ್ಲ.

ಆ ರಾತ್ರಿ ಒಂಬತ್ತು ಡಯಲೈಸರ್ ಅಳೆದಳು. ನಾಲ್ಕು 88ರ ಕೆಳಗೆ ಇದ್ದವು. ಗೆರೆಗಳಿದ್ದದ್ದು 61 ತೋರಿಸಿತು.

61 ಅಂದರೆ ಏನು? ರೋಗಿ ನಾಲ್ಕು ತಾಸು ಮಲಗುತ್ತಾನೆ, ಮಷೀನು ಓಡುತ್ತದೆ, ಬಿಲ್ಲೂ ಆಗುತ್ತದೆ, ಆದರೆ ರಕ್ತ ಶುದ್ಧ ಆಗಬೇಕಾದಷ್ಟು ಆಗುವುದಿಲ್ಲ. ತಕ್ಷಣ ಏನೂ ಕಾಣುವುದಿಲ್ಲ. ಮೈ ತುರಿಸುತ್ತದೆ, ಬಾಯಿರುಚಿ ಹೋಗುತ್ತದೆ, ವಾಕರಿಕೆ ಬರುತ್ತದೆ. ಆ 61ರ ಡಯಲೈಸರ್ ಆಳಂದ ಕಡೆಯ ಒಬ್ಬ ನಿವೃತ್ತ ಮಾಸ್ತರರದು. ಅವರು ವಾರಗಳಿಂದ ತುರಿಕೆ ತುರಿಕೆ ಎನ್ನುತ್ತಿದ್ದರು. ಯೂನಿಟ್‌ನಲ್ಲಿ ಎಲ್ಲರೂ ಅವರಿಗೇ ಬೈದಿದ್ದರು: ಪಥ್ಯ ಮಾಡುವುದಿಲ್ಲ, ಹಾಲು ಮೊಸರು ಬಿಡುವುದಿಲ್ಲ, ಮಾತ್ರೆ ನುಂಗುವುದಿಲ್ಲ. ಮನೆಯಲ್ಲಿ ಹೆಂಡತಿಯೂ ಅದನ್ನೇ ನಂಬಿ ಮೊಸರಿನ ಗಡಿಗೆ ಬಚ್ಚಿಡುತ್ತಿದ್ದರಂತೆ. ನನಗೆ ಈ ಇಡೀ ಪ್ರಕರಣದಲ್ಲಿ ಹೆಚ್ಚು ಸಿಟ್ಟು ತರಿಸುವುದು ಇದು. ಅಂಕಿ ಸುಳ್ಳು ಬರೆದದ್ದು ಒಂದು. ಆ ಸುಳ್ಳನ್ನು ಮುಚ್ಚಲು ರೋಗಿಯನ್ನೇ ತಪ್ಪಿತಸ್ಥ ಮಾಡಿದ್ದು ಇನ್ನೊಂದು. ಅದನ್ನು ಯಾರೂ ಬೇಕೆಂದು ಮಾಡಲಿಲ್ಲ, ತಾನಾಗೇ ಆಯಿತು.

ಮೂರು ಸಲ ಹೇಳಿದ್ದು

ಈಕೆ ದೂರು ಕೊಟ್ಟಳು ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೂ ಮೊದಲು ಮೂರು ಸಲ ಹೇಳಿದ್ದಳು ಎಂದು ಯಾರೂ ಹೇಳುವುದಿಲ್ಲ.

ಮೊದಲು ಅಣ್ಣನಿಗೆ. ಜಾತ್ರೆಯಿಂದ ಬಂದ ಮರುದಿನ, ಕೈ ತೊಳೆಯುವ ಸಿಂಕ್ ಹತ್ತಿರ, ಯಾರೂ ಇಲ್ಲದಾಗ. ಅವರು ಸಿಟ್ಟಾಗಲಿಲ್ಲ. "ಯವ್ವಾ, ಅದೆಲ್ಲಾ ನನಗ ಗೊತ್ತಿಲ್ಲೇನು? ಅಳಕೋತ ಕುಂತ್ರ ಮೂರನೇ ಶಿಫ್ಟ್ ಯಾವಾಗ ಮುಗಸೂದು? ಅವರು ಕಡೀ ಬಸ್ ಹ್ಯಾಂಗ ಹಿಡೀಬೇಕು?" ಎಂದರು. ಅದೂ ನಿಜವೇ. ಕೊನೆಯ ಬಸ್ಸು ತಪ್ಪಿದರೆ ಡಯಾಲಿಸಿಸ್ ಆದ ಮನುಷ್ಯ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಕಳೆಯಬೇಕು. ಮಾಸ್ತರರ ಡಯಲೈಸರ್ ಮಾತ್ರ ಅವತ್ತೇ ಬದಲಾಯಿಸಿದರು.

ಎರಡನೆಯದು ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ, ಚಹಾ ಹೊತ್ತಿನಲ್ಲಿ. "ಡಯಾಲಿಸಿಸ್ ನನ್ನ ಅಂಡರ್‌ದಾಗ ಬರಲ್ಲವ್ವ" ಎಂದರು. ಬರುತ್ತಿರಲಿಲ್ಲ, ಅದೂ ಖರೆ. ಟೆಕ್ನೀಷಿಯನ್‌ಗಳು ನೇರ ಮ್ಯಾನೇಜರ್ ಕೆಳಗೆ ಇದ್ದರು.

ಮೂರನೆಯದು ವಾರಕ್ಕೊಮ್ಮೆ ಹೈದರಾಬಾದಿನಿಂದ ಬರುವ ಕಿಡ್ನಿ ತಜ್ಞರಿಗೆ. ಅವರಿಗೆ ಅರ್ಧ ದಿನದಲ್ಲಿ ನಲವತ್ತು ಜನರನ್ನು ನೋಡಬೇಕು. "ನೋಡೋಣಮ್ಮ, ಮ್ಯಾನೇಜ್‌ಮೆಂಟ್ ಜೊತೆ ಮಾತಾಡ್ತೀನಿ" ಎಂದರು. ಮಾತಾಡಿದರೋ ಇಲ್ಲವೋ, ಏನೂ ಬದಲಾಗಲಿಲ್ಲ. ವೈದ್ಯರ ವೃತ್ತಿ ನಡವಳಿಕೆಗೆ 2002ರ ನಿಯಮಾವಳಿ ಇದೆ. ಸಹವೃತ್ತಿಯವರ ಅಪ್ರಾಮಾಣಿಕ, ಅನೈತಿಕ ನಡೆಯನ್ನು ವೈದ್ಯ ಅಂಜಿಕೆ, ದಾಕ್ಷಿಣ್ಯ ಇಲ್ಲದೆ ಬಯಲಿಗೆ ತರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ತರಬೇತಿಗೆ ಬರುವ ಡಾಕ್ಟರುಗಳಿಗೆ ಈ ಸಾಲು ಓದಿ ಹೇಳುತ್ತೇನೆ. ಓದಿದ ನೆನಪಿರುವವರು ಕಮ್ಮಿ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸ್ಟೀಫನ್ ಬೋಲ್ಸಿನ್ ಎಂಬ ಅರಿವಳಿಕೆ ತಜ್ಞರ ಕಥೆಯೂ ಹೀಗೇ. ಮಕ್ಕಳ ಹೃದಯದ ಆಪರೇಷನ್‌ಗಳಲ್ಲಿ ಸಾವು ಜಾಸ್ತಿ ಆಗುತ್ತಿದೆ ಎಂದು ಅವರು ಅಂಕಿ ಕೂಡಿಸಿದ್ದರು. ವರ್ಷಗಟ್ಟಲೆ ಆಸ್ಪತ್ರೆಯ ಒಳಗೇ ಹೇಳಿದರು. ವಿಷಯ ಹೊರಗೆ ಬರುವಷ್ಟರಲ್ಲಿ ಅವರಿಗೆ ಅಲ್ಲಿ ಜಾಗ ಇರಲಿಲ್ಲ, ಆಸ್ಟ್ರೇಲಿಯಾಕ್ಕೆ ಹೋದರು. 2001ರ ವಿಚಾರಣಾ ವರದಿ ಬಂದ ಮೇಲೆ ಜಗತ್ತೇ ಅವರನ್ನು ಹೊಗಳಿತು. ದೊಡ್ಡ ದೇಶ, ದೊಡ್ಡ ಆಸ್ಪತ್ರೆ, ದೊಡ್ಡ ಡಾಕ್ಟರ್. ಅಲ್ಲೇ ಹಾಗಾದರೆ ತಿಂಗಳಿಗೆ ಹದಿನಾಲ್ಕು ಸಾವಿರ ಸಂಬಳದ ಟೆಕ್ನೀಷಿಯನ್ ಮಾತು ಯಾರು ಕೇಳಬೇಕು?

ಫೋಟೊ

ಆರು ತಿಂಗಳಿಗೊಮ್ಮೆ ಡಯಾಲಿಸಿಸ್ ರೋಗಿಗಳ ರಕ್ತವನ್ನು ಹೆಪಟೈಟಿಸ್ ಪರೀಕ್ಷೆಗೆ ಕಳಿಸುತ್ತಾರೆ. ಆ ಸಲ ಇಬ್ಬರಿಗೆ ಹೆಪಟೈಟಿಸ್ ಸಿ, ಅಂದರೆ ರಕ್ತದಿಂದ ಹರಡುವ ಲಿವರ್ ಸೋಂಕು, ಪಾಸಿಟಿವ್ ಬಂತು. ಇಬ್ಬರಿಗೂ ಮೊದಲು ಇರಲಿಲ್ಲ.

ಈಕೆಗೆ ಎರಡೂ ವಿಷಯ ಒಂದೇ ಆಗಿ ಕಂಡವು. ಡಯಲೈಸರ್ ಸರಿಯಾಗಿ ನೋಡುತ್ತಿಲ್ಲ, ಅದಕ್ಕೇ ರೋಗ ಬಂದಿದೆ. ಅವತ್ತು ರಾತ್ರಿ ರಿಜಿಸ್ಟರ್‌ನ ಹನ್ನೊಂದು ಪುಟ ಮೊಬೈಲ್‌ನಲ್ಲಿ ಹಿಡಿದಳು. ರೋಗಿಗಳ ಹೆಸರು, ವಯಸ್ಸು, ಪಾಸಿಟಿವ್ ವರದಿ ಎಲ್ಲವೂ ಕಾಣುವಂತೆ. ಒಬ್ಬ ಗೆಳತಿಗೆ ಕಳಿಸಿದಳು, 'ಏನ್ ಮಾಡ್ಲಿ ಹೇಳು' ಎಂದು. ಗೆಳತಿ ಇನ್ನೊಬ್ಬರಿಗೆ. ಮೂರನೇ ದಿನ ಅದು ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿತ್ತು. ಪಾಸಿಟಿವ್ ಬಂದ ಚಿತ್ತಾಪುರ ಕಡೆಯ ಹೆಣ್ಣುಮಗಳ ಹೆಸರು ಆಕೆಯ ಅತ್ತೆಮನೆಗೆ ಆಸ್ಪತ್ರೆಗಿಂತ ಮೊದಲು ವಾಟ್ಸಾಪ್‌ನಿಂದ ಗೊತ್ತಾಯಿತು.

ಇದನ್ನು ನಾನು ಮುಚ್ಚಿ ಹೇಳುವುದಿಲ್ಲ. ಇದು ಈಕೆಯ ತಪ್ಪು, ಸಣ್ಣ ತಪ್ಪೂ ಅಲ್ಲ. ಹೆಸರಿನ ಕಾಲಮ್ ಮೇಲೆ ಒಂದು ಹಾಳೆ ಇಟ್ಟು ಫೋಟೊ ಹಿಡಿದಿದ್ದರೆ ಸಾಕಿತ್ತು. ಅಂಕಿಗಳೇ ಎಲ್ಲ ಹೇಳುತ್ತಿದ್ದವು. ಆ ಹೆಣ್ಣುಮಗಳು ಆಮೇಲೆ ಒಂದು ತಿಂಗಳು ತವರಿನಲ್ಲಿ ಇರಬೇಕಾಯಿತು. ಹೆಪಟೈಟಿಸ್ ಸಿಗೆ ಈಗ ಹೆಚ್ಚಿನವರಿಗೆ ಸುಮಾರು 12 ವಾರದ ಮಾತ್ರೆಯಲ್ಲಿ ಗುಣ ಆಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಔಷಧ ಉಚಿತ. ಒಟ್ಟಿಗೆ ಉಂಡರೆ ಕೂತರೆ ಬರುವ ರೋಗವೂ ಅಲ್ಲ. ಆದರೆ ಅತ್ತೆಮನೆಗೆ ಅದನ್ನು ಕೂತು ಹೇಳುವವರು ಯಾರು?

ಮ್ಯಾನೇಜರ್ ಮೀಟಿಂಗ್ ಕರೆದರು. ಮಾಲೀಕರೂ ಬಂದರು. ಒಂದೂವರೆ ತಾಸಿನ ಮೀಟಿಂಗ್‌ನಲ್ಲಿ ಕೇಳಿದ ಪ್ರಶ್ನೆ ಒಂದೇ: ಫೋಟೊ ಯಾರು ಹಿಡಿದದ್ದು? ಅಂಕಿ ಖರೇನಾ ಎಂದು ಒಬ್ಬರೂ ಕೇಳಲಿಲ್ಲ. ಈಕೆ ಕೈ ಎತ್ತಿದಳು. ಮಾಲೀಕರು ಬಹಳ ಮೆತ್ತಗೆ ಹೇಳಿದರಂತೆ, "ಉಪ್ಪು ತಿಂದ ಮನಿಗಿ ಎರಡು ಬಗೀತಾರೇನವ್ವಾ?"

ಅಣ್ಣ ಆ ಮೀಟಿಂಗ್‌ನಲ್ಲಿ ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ಎರಡನೇ ಡಬ್ಬಿ ಬರುವುದು ನಿಂತಿತು.

ಕಾನೂನು ಎಲ್ಲಿದೆ?

ವಾರದೊಳಗೆ ಕೆಲಸಕ್ಕೆ ಬರಬೇಡ ಎಂದರು. ಅನುಭವ ಪ್ರಮಾಣಪತ್ರ 'ಆಮೇಲೆ ನೋಡೋಣ'. ಆಗ ಆಕೆ ನನ್ನ ಹತ್ತಿರ ಬಂದಳು. ವಿಷಲ್ ಬ್ಲೋವರ್‌ಗಳಿಗೆ, ಅಂದರೆ ಒಳಗಿನ ತಪ್ಪನ್ನು ಹೊರಗೆ ಹೇಳುವವರಿಗೆ, ರಕ್ಷಣೆ ಕೊಡುವ ಕಾನೂನು ಇದೆಯಂತಲ್ಲ ಸರ್, ಎಂದು ಕೇಳಿದಳು.

ಇದೆ, ಕಾಗದದ ಮೇಲೆ. ಚತುಷ್ಪಥ ಹೆದ್ದಾರಿ ಯೋಜನೆಯ ಎಂಜಿನಿಯರ್ ಸತ್ಯೇಂದ್ರ ದುಬೆ ಭ್ರಷ್ಟಾಚಾರದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದು, ನನ್ನ ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. ಹೆಸರು ಗುಟ್ಟಾಗಿ ಉಳಿಯಲಿಲ್ಲ. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಮರುವರ್ಷ ಕೇಂದ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿ, ಇಂಥ ದೂರು ಪಡೆಯುವ ಹೊಣೆಯನ್ನು ಕೇಂದ್ರ ಜಾಗೃತ ಆಯೋಗಕ್ಕೆ ಕೊಟ್ಟಿತು. ಸಂಸತ್ತು 2014ರಲ್ಲಿ ಕಾಯ್ದೆಯನ್ನೂ ಪಾಸು ಮಾಡಿತು. ಅದು ಪಾಸಾಯಿತು, ಜಾರಿಗೆ ಮಾತ್ರ ಬರಲಿಲ್ಲ. ಬಂದಿದ್ದರೂ ಈಕೆಗೆ ಉಪಯೋಗ ಇರಲಿಲ್ಲ. ಅದು ಸರ್ಕಾರಿ ಸೇವಕರ ವಿರುದ್ಧದ ದೂರಿಗೆ. ಖಾಸಗಿ ಆಸ್ಪತ್ರೆಯ ತೊಳೆಯುವ ಕೋಣೆಗೆ ಅಲ್ಲ.

ಇದ್ದ ದಾರಿ ಬೇರೆ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳ ನೋಂದಣಿಗೆ 2007ರ ಕಾಯ್ದೆ ಇದೆ, ಜನ ಕೆಪಿಎಂಇ ಅನ್ನುತ್ತಾರೆ. ಅದರ ತಿದ್ದುಪಡಿಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ನೋಂದಣಿ ಜೊತೆ ದೂರು ಕೇಳುವ ಕೆಲಸವನ್ನೂ ಕೊಟ್ಟಿದ್ದಾರೆ. ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ಅಲ್ಲಿಗೆ ಬರೆಯೋಣ ಎಂದೆ.

ದೂರು ಬರೆಯಲು ಕೂತೆವು. ಎರಡು ಕಡೆ ಇಬ್ಬರಿಗೂ ಮಾತು ಬೆಳೆಯಿತು.

ಒಂದು, 'ಡಯಲೈಸರ್ ಅಳೆಯದ ಕಾರಣ ಇಬ್ಬರಿಗೆ ಹೆಪಟೈಟಿಸ್ ಸಿ ಬಂದಿದೆ' ಎಂದು ಆಕೆ ಬರೆದಿದ್ದಳು. ಅದನ್ನು ಒಡೆ ಎಂದೆ. ನೀನು ಕಂಡದ್ದು ಎರಡು: ಅಳೆಯದೆ ಬರೆದ ಅಂಕಿ, ಪಾಸಿಟಿವ್ ಬಂದ ಇಬ್ಬರು. ನಡುವಿನ 'ಕಾರಣ' ನೀನು ಕಂಡಿಲ್ಲ, ಊಹಿಸಿದ್ದೀಯ. ಆಕೆ ಒಪ್ಪಲಿಲ್ಲ. ಅದನ್ನು ತೆಗೆದರೆ ದೂರಿಗೆ ತೂಕ ಎಲ್ಲಿ ಎಂದಳು. ಕೊನೆಗೆ ಅದು ಹಾಗೇ ಹೋಯಿತು. ಆಸ್ಪತ್ರೆಯವರ ಉತ್ತರ ನಾನು ಅಂಜಿದ ಹಾಗೇ ಬಂತು: ಪ್ರತಿ ರೋಗಿಗೂ ಅವರದೇ ಡಯಲೈಸರ್ ಹಾಕುತ್ತೇವೆ, ಲೇಬಲ್ ಇದೆ, ಒಬ್ಬರಿಂದ ಒಬ್ಬರಿಗೆ ರೋಗ ಹೇಗೆ ದಾಟುತ್ತದೆ? ಆದ್ದರಿಂದ ದೂರೇ ಸುಳ್ಳು. ಮೂರು ಪುಟದ ಉತ್ತರದಲ್ಲಿ ಆ 110, 108ರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇನ್ನೊಂದರಲ್ಲಿ ಎಡವಿದವನು ನಾನು. ಮೊದಲ ಪ್ಯಾರಾದಲ್ಲೇ ಆಕೆ ಬರೆದಿದ್ದಳು: 'ಈ ರಿಜಿಸ್ಟರ್‌ನಲ್ಲಿ ನನ್ನ ಸಹಿಯೂ ಇದೆ. ನಾನೂ ಅಳೆಯದೆ ಬರೆದಿದ್ದೇನೆ.' ಅದನ್ನು ತೆಗೆ, ನಿನ್ನ ಕೊರಳಿಗೆ ನೀನೇ ಯಾಕೆ ಹಗ್ಗ ಹಾಕಿಕೊಳ್ಳುತ್ತೀ ಎಂದೆ. ತೆಗೆಯಲಿಲ್ಲ. ವಿಚಾರಣೆಯ ದಿನ ಆಸ್ಪತ್ರೆಯ ವಕೀಲರು ದೊಡ್ಡ ದನಿಯಲ್ಲಿ ಅವಳ ಸಹಿ ಇರುವ ಪುಟ ತೆಗೆದು ತೋರಿಸಿದರಂತೆ. ಅಧಿಕಾರಿ ದೂರಿನ ಮೊದಲ ಪ್ಯಾರಾ ಕಡೆ ಬೆರಳು ಮಾಡಿದರು, ಅಷ್ಟೇ. ವಕೀಲರ ಕೈಯಲ್ಲಿದ್ದ ಅತಿ ದೊಡ್ಡ ಅಸ್ತ್ರ ಅದೊಂದೇ ಇತ್ತು.

ಬೆಲೆಯ ಸ್ಟಿಕ್ಕರ್

ಪ್ರಾಧಿಕಾರದ ತಪಾಸಣೆ ತಂಡ ಆಸ್ಪತ್ರೆಗೆ ಬಂದ ದಿನ ತೊಳೆಯುವ ಕೋಣೆಯಲ್ಲಿ ಸಿಲಿಂಡರ್ ಇತ್ತು. ಹೊಸದು, ಬೆಲೆಯ ಸ್ಟಿಕ್ಕರ್ ಇನ್ನೂ ಕಿತ್ತಿರಲಿಲ್ಲ. ನಮ್ಮ ಕಡೆಯ ಬೋರ್ ನೀರಿನ ಬಿಳಿ ಕಲೆ ಸಿಂಕ್‌ಗೆ, ನಲ್ಲಿಗೆ, ಗೋಡೆಗೆಲ್ಲ ಹತ್ತಿರುತ್ತದೆ. ಸಿಲಿಂಡರ್ ಮಾತ್ರ ಪಳಪಳ. ರಿಜಿಸ್ಟರ್‌ನ ಅಂಕಿಗಳೂ ಆ ವಾರದಿಂದ ಏರುಪೇರಾಗಿದ್ದವು: 107, 99, 101. ಮೇಲೂ ಕೆಳಗೂ. ಸುಳ್ಳೂ ಕಲಿಯುತ್ತದೆ.

ಅಲ್ಲಿಗೇ ಮುಗಿಯುತ್ತಿತ್ತೇನೋ. ತಂಡದಲ್ಲಿದ್ದ ಒಬ್ಬ ಮೈಕ್ರೋಬಯಾಲಜಿ ಡಾಕ್ಟರ್ ಡಯಲೈಸರ್ ಕಡೆ ನೋಡದೆ ಔಷಧದ ಟ್ರೇ ತೋರಿಸಿ ಎಂದರು. ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಒಂದು ಸಣ್ಣ ಬಾಟಲಿ ಹಲವರಿಗೆ ಆಗುತ್ತದೆ. ಪ್ರತಿ ಸಲ ಹೊಸ ಸೂಜಿ, ಹೊಸ ಸಿರಿಂಜ್, ರೋಗಿಯಿಂದ ದೂರ ಇರುವ ಟೇಬಲ್ ಮೇಲೆ ಎಳೆಯಬೇಕು. ಇಲ್ಲಿ ಬಾಟಲಿಯ ರಬ್ಬರ್ ಮುಚ್ಚಳದಲ್ಲಿ ಒಂದು ಸೂಜಿ ಚುಚ್ಚಿಯೇ ಇತ್ತು. ಎಲ್ಲರೂ ಅದಕ್ಕೇ ಸಿರಿಂಜ್ ಸಿಕ್ಕಿಸಿ ಎಳೆಯುತ್ತಿದ್ದರು. ಬಾಟಲಿ ಟ್ರೇಯಲ್ಲಿ ಕುರ್ಚಿಯಿಂದ ಕುರ್ಚಿಗೆ ಹೋಗುತ್ತಿತ್ತು, ಅವೇ ಗ್ಲೌಸ್‌ನಲ್ಲಿ.

ಡಯಾಲಿಸಿಸ್ ಯೂನಿಟ್‌ಗಳಲ್ಲಿ ಹೆಪಟೈಟಿಸ್ ಸಿ ಹೆಚ್ಚಾಗಿ ಹರಡುವುದು ಇಂಥ ದಾರಿಗಳಲ್ಲೇ: ಕೈ, ಗ್ಲೌಸ್, ಹಂಚಿಕೊಂಡ ಬಾಟಲಿ. ಆ ಇಬ್ಬರಿಗೆ ಇದರಿಂದಲೇ ಬಂತು ಎಂದು ಯಾರೂ ಸಾಬೀತು ಮಾಡಲಿಲ್ಲ. ಆದರೆ ಈ ಸೂಜಿ ಯಾರು ಬಿಟ್ಟದ್ದು ಎಂದು ಡಾಕ್ಟರ್ ಕೇಳಿದಾಗ ಉತ್ತರ 'ಎಲ್ಲರೂ'.

ಎಲ್ಲರೂ ಅಂದರೆ ಈಕೆಯೂ. ಎಂಟು ತಿಂಗಳು ಆ ಸೂಜಿಯಿಂದಲೇ ಎಳೆದಿದ್ದಳು. ಅದು ಆಕೆಯ ದೂರಿನಲ್ಲಿ ಇರಲಿಲ್ಲ, ಯಾಕೆಂದರೆ ಅದು ತಪ್ಪು ಎಂದು ಆಕೆಗೆ ಅನಿಸಿಯೇ ಇರಲಿಲ್ಲ. ಈ ವಿಷಯ ಗೊತ್ತಾದ ಸಂಜೆ ಫೋನ್ ಮಾಡಿದಳು. ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ, "ಸರ್, ಆ ಚಿತ್ತಾಪುರ ಅಕ್ಕಗ ಹೆಪಾರಿನ್ ಹಾಕ್ತಿದ್ದಾಕಿ ನಾನೇ" ಎಂದಳು. ನನಗೆ ಏನು ಹೇಳಬೇಕು ತೋಚಲಿಲ್ಲ.

ಮುಂದಿನದು ಬೇಗ ಹೇಳಿಬಿಡಬಹುದು. ಆಸ್ಪತ್ರೆಗೆ ನೋಟಿಸ್ ಬಂತು. ಕೆಲವು ತಿಂಗಳು ಮರುಬಳಕೆ ನಿಲ್ಲಿಸಿದರು. ಮೂರನೇ ಶಿಫ್ಟ್‌ಗೆ ಇಬ್ಬರು ಹೊಸ ಟೆಕ್ನೀಷಿಯನ್ ಬಂದರು. ಇದನ್ನು ಒಂದು ವರ್ಷ ಮೊದಲೇ ಮಾಡಿದ್ದರೆ ಇಷ್ಟೊಂದು ಬರೆಯುವ ಕೆಲಸ ನನಗೆ ಇರುತ್ತಿರಲಿಲ್ಲ. ಅಣ್ಣನ ಮೇಲೆ ಎಲ್ಲ ಹೊರಿಸಿ ಕೆಲಸದಿಂದ ತೆಗೆದರು. ಈಕೆ ಈಗ ಬೇರೆ ಜಿಲ್ಲೆಯಲ್ಲಿದ್ದಾಳೆ. ಅನುಭವ ಪ್ರಮಾಣಪತ್ರ ಕೊನೆಗೂ ಕೊಟ್ಟರು, 'ನಡತೆ' ಎಂಬ ಜಾಗ ಖಾಲಿ ಬಿಟ್ಟು.

ಚರ್ಚೆಯ ಕೋಣೆಯಲ್ಲಿ

ತರಬೇತಿಯಲ್ಲಿ ಈ ಕಥೆ ಹೇಳಿ, ಈಕೆ ಮಾಡಿದ್ದು ಸರಿಯೋ ಎಂದು ಕೇಳುತ್ತೇನೆ. ಅರ್ಧ ಕೈ ಏಳುತ್ತವೆ. ಊಟದ ಹೊತ್ತಿಗೆ ಆ ಅರ್ಧದಲ್ಲೂ ಕೆಲವರು ಹತ್ತಿರ ಬಂದು, "ಖರೆ ಹೇಳ್ಬೇಕಂದ್ರ ಸರ್, ಅಣ್ಣಗ ಹಂಗ ಮಾಡಬಾರದಿತ್ತು" ಅನ್ನುತ್ತಾರೆ. ನಮ್ಮ ಕಡೆ ಹೀಗೆ ಹೇಳುವವರಿಗೆ ಇರುವ ಶಬ್ದ ಚಾಡಿಕೋರ, ಚುಗಲಿಖೋರ. ಒಳ್ಳೆಯ ಅರ್ಥದ ಶಬ್ದವೇ ನಮ್ಮ ಬಾಯಲ್ಲಿ ಇಲ್ಲ. ಪತ್ರಿಕೆಗಳೂ 'ವಿಷಲ್ ಬ್ಲೋವರ್' ಎಂದೇ ಬರೆದು ಕೈ ತೊಳೆದುಕೊಳ್ಳುತ್ತವೆ.

ನಾನು ಕೇಳುವ ಎರಡನೇ ಪ್ರಶ್ನೆಗೆ ಕೋಣೆ ಹೆಚ್ಚು ಸುಮ್ಮನಾಗುತ್ತದೆ. ನೀವು ಆ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದರೆ, ಚಹಾ ಕುಡಿಯುತ್ತಾ ಆ ಮಾತು ಕೇಳಿದ್ದರೆ, ಏನು ಮಾಡುತ್ತಿದ್ದಿರಿ? ಧೈರ್ಯದ ಮಾತು ಬಂದಾಗ ಎಲ್ಲರೂ ಆ ಹುಡುಗಿಯ ಧೈರ್ಯ ಅಳೆಯುತ್ತಾರೆ. ನನ್ನ ಲೆಕ್ಕದಲ್ಲಿ ಇಲ್ಲಿ ಕಮ್ಮಿ ಬಿದ್ದದ್ದು ಹೇಳುವವರ ಧೈರ್ಯ ಅಲ್ಲ. ಸಿಂಕ್ ಹತ್ತಿರ, ಚಹಾ ಹೊತ್ತಿನಲ್ಲಿ, ಓಪಿಡಿ ನಡುವೆ ಬಂದ ಮಾತನ್ನು ಒಂದು ಚೀಟಿಯಲ್ಲಾದರೂ ಬರೆದಿಟ್ಟುಕೊಳ್ಳುವ ಒಬ್ಬ ಮನುಷ್ಯ. ಮೂರರಲ್ಲಿ ಒಬ್ಬರು ಬರೆದಿಟ್ಟಿದ್ದರೂ ಫೋಟೊ ಹಿಡಿಯುವ ರಾತ್ರಿ ಬರುತ್ತಿರಲಿಲ್ಲ. ಚಿತ್ತಾಪುರದ ಹೆಣ್ಣುಮಗಳು ತವರಿಗೆ ಹೋಗುತ್ತಿರಲಿಲ್ಲ. ಬಹುಶಃ ಅಣ್ಣನ ಕೆಲಸವೂ ಉಳಿಯುತ್ತಿತ್ತು.

ಅಣ್ಣನನ್ನು ಒಮ್ಮೆ ಸೂಪರ್ ಮಾರ್ಕೆಟ್ ಹತ್ತಿರ ಕಂಡೆ. ಈಗ ಮೆಡಿಕಲ್ ಅಂಗಡಿಯೊಂದರಲ್ಲಿ ಇದ್ದಾರೆ. ಚಹಾ ಕುಡಿಸಿದರು. "ಆಕಿ ನನಗ ಇನ್ನೊಂದು ಸಲ ಹೇಳಬೇಕಿತ್ತು ನೋಡ್ರಿ ಸರ್" ಎಂದರು. ಹೇಳಿದ್ದಳಲ್ಲ ಎಂದೆ. "ಹೇಳಿದ್ಲು. ಜೋರಾಗಿ ಹೇಳಬೇಕಿತ್ತು." ಲೋಟದ ತಳದ ಚಹಾ ಅಲ್ಲಾಡಿಸುತ್ತಾ ಸ್ವಲ್ಪ ಹೊತ್ತು ಕೂತರು. ಆಮೇಲೆ ಕೇಳಿದರು, "ಮಾಸ್ತರು ಹ್ಯಾಂಗಿದ್ದಾರ?"

ಮಾಸ್ತರು ಈಗಲೂ ಅದೇ ಆಸ್ಪತ್ರೆಗೆ ಹೋಗುತ್ತಾರೆ. ಬೇರೆ ಕಡೆ ಹೋಗಲು ಆಳಂದದಿಂದ ಬಸ್ಸು ಹೊಂದುವುದಿಲ್ಲ. ಅವರ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇದೆ. ಶಾಲೆಯ ಹಾಜರಿ ಪುಸ್ತಕದ ಹಾಗೆ ಸ್ಕೇಲ್ ಇಟ್ಟು ಗೆರೆ ಹಾಕಿದ್ದಾರೆ: ತಾರೀಖು, ಮೊದಲಿನ ತೂಕ, ಆಮೇಲಿನ ತೂಕ, ಬಿಪಿ. ಈಗ ಐದನೇ ಕಾಲಮ್ ಒಂದು ಸೇರಿದೆ. ಹೊಸ ಹುಡುಗ ಡಯಲೈಸರ್ ತಂದಾಗ, "ತಮ್ಮಾ, ಎಷ್ಟು ಬಂತು, ಸಿಲಿಂಡರ್ ತೋರಸು" ಎಂದು ಕೇಳಿ, ಕನ್ನಡಕ ಏರಿಸಿ ನೋಡಿ, ತಾವೇ ಬರೆದುಕೊಳ್ಳುತ್ತಾರೆ. ನಾನು ನೋಡಿದ ಪುಟದಲ್ಲಿ ಹೀಗಿತ್ತು: 108, 103, 104, 97, 72. ಕೊನೆಯದರ ಮುಂದೆ ಸಣ್ಣ ಅಕ್ಷರದಲ್ಲಿ, 'ಹೊಸದು ಹಾಕಿದರು. ಬಸ್ಸು ತಪ್ಪಿತು.'